ರೊಬೊರೆಯ ಕಾಡುಬಳ್ಳಿ, ಧಾರವಾಡದ ಶೇಂಗಾ

ಜಿಪಿಬಿಡಿ 4 ಎಂಬ ಹೆಸರನ್ನು ಮೊದಲ ಸಲ ಕೇಳಿದವರಿಗೆ ಯಾವುದೋ ಸರ್ಕಾರಿ ಕಡತದ ಸಂಖ್ಯೆ ಅನ್ನಿಸಬಹುದು. ಅದೊಂದು ಶೇಂಗಾ ತಳಿ. ಹುಟ್ಟಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ. ಹಬ್ಬದೆ ನೆಟ್ಟಗೆ ಬೆಳೆಯುವ ಗಿಡ. ಕಾಯಿ ಬುಡದಲ್ಲೇ ಗೊಂಚಲಾಗಿ ಕೂರುತ್ತದೆ. ಕಾಳಿನಲ್ಲಿ ಎಣ್ಣೆಯಂಶ ಚೆನ್ನಾಗಿದೆ. ಇಷ್ಟು ಗುಣವಿರುವ ತಳಿಗಳು ದೇಶದಲ್ಲಿ ಇನ್ನೂ ಇವೆ. ಇದರ ಹೆಚ್ಚುಗಾರಿಕೆ ಗೊತ್ತಾಗುವುದು ಬಿತ್ತಿ ಎಂಬತ್ತು ತೊಂಬತ್ತು ದಿನ ಕಳೆದ ಮೇಲೆ. ಪಕ್ಕದ ಹೊಲದ ಶೇಂಗಾ ಮೈಯೆಲ್ಲ ಕಪ್ಪು ಚುಕ್ಕೆಯಾಗಿ, ತುಕ್ಕು ಹಿಡಿದು, ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುವಾಗ ಇದು ಇನ್ನೂ ಹಸಿರಾಗಿರುತ್ತದೆ.

ಆ ಹಸಿರಿನ ಮೂಲ ಹುಡುಕುತ್ತ ಹೋದರೆ ಧಾರವಾಡದಿಂದ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿಗೆ, ಅಲ್ಲಿಂದ ಅಮೆರಿಕದ ನಾರ್ತ್ ಕೆರೊಲಿನಾಗೆ, ಅಲ್ಲಿಂದ ದಕ್ಷಿಣ ಅಮೆರಿಕದ ಬೊಲಿವಿಯಕ್ಕೆ ಹೋಗಬೇಕಾಗುತ್ತದೆ. ಬೊಲಿವಿಯದ ಪೂರ್ವ ಭಾಗದ ರೊಬೊರೆ ಎಂಬ ಊರಿನ ಬಳಿ 1959ರಲ್ಲಿ ಸಿಕ್ಕ ಒಂದು ಕಾಡುಬಳ್ಳಿಯಲ್ಲಿ ಈ ಕಥೆ ಶುರುವಾಗುತ್ತದೆ. ಆ ಬಳ್ಳಿಯ ಕಾಯಿ ಯಾರೂ ತಿನ್ನುವಂಥದ್ದಲ್ಲ. ಅದರ ಗುಣ ನಮ್ಮ ಹೊಲ ತಲುಪಲು ನಾಲ್ಕು ದಶಕ ಬೇಕಾಯಿತು. ಅದೇ ದಾರಿಯಲ್ಲಿ ಇನ್ನೊಂದು ಬೀಜ ಇವತ್ತು ಹೊರಟರೆ ಇಲ್ಲಿಯವರೆಗೆ ಬಂದು ಮುಟ್ಟುತ್ತದೆ ಎನ್ನುವ ಭರವಸೆ ಇಲ್ಲ. ಈ ಪ್ರಬಂಧ ಆ ದಾರಿಯ ಬಗ್ಗೆ.

ಎಲೆ ಉದುರಿದರೆ

ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದು ಕಡಲೆಕಾಯಿ, ಧಾರವಾಡ ಸೀಮೆಯವರಿಗೆ ಶೇಂಗಾ. ಪುಣೆಯಲ್ಲಿ ಶೇಂಗದಾಣೆ, ಹೈದರಾಬಾದಿನಲ್ಲಿ ಪಲ್ಲಿ, ಚೆನ್ನೈಯಲ್ಲಿ ವೇರ್ಕಡಲೈ, ದೆಹಲಿಯಲ್ಲಿ ಮೂಂಗ್‌ಫಲಿ. ಇಷ್ಟು ಹೆಸರುಗಳಿಂದ ಕರೆದು ನಮ್ಮದಾಗಿಸಿಕೊಂಡ ಈ ಬೆಳೆ ಭಾರತಕ್ಕೆ ಹೊರಗಿನಿಂದ ಬಂದದ್ದು. ಹಾಗೆ ಬಂದ ಬೆಳೆಯ ಹಿಂದೆಯೇ ಅದರ ರೋಗಗಳೂ ಬಂದವು.

ಶೇಂಗಾ ಗಿಡದ ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು ಮಣ್ಣಿಗಿಳಿಯುತ್ತದೆ. ಅದರ ತುದಿ ಕಾಯಿಯಾಗುತ್ತದೆ. ಆ ಕಾಯಿ ತುಂಬಲು ಬೇಕಾದ ಆಹಾರ ಎಲೆಯಿಂದಲೇ ಬರಬೇಕು. ಟಿಕ್ಕಾ ಎಂದು ಹೆಸರಾದ ಎಲೆಚುಕ್ಕೆ ರೋಗ ಮತ್ತು ತುಕ್ಕು ರೋಗ, ಎರಡೂ ಶಿಲೀಂಧ್ರದಿಂದ ಬರುವಂಥವು, ಎರಡೂ ಎಲೆಗೇ ಕೈಹಾಕುತ್ತವೆ. ಕಾಯಿ ತುಂಬುವ ಹೊತ್ತಿಗೆ ಎಲೆ ಉದುರಿದರೆ ಕಾಳು ಜೊಳ್ಳಾಗುತ್ತದೆ. ಕಡ್ಡಿ ಬಲ ಕಳೆದುಕೊಂಡು, ಗಿಡ ಕಿತ್ತಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಮೇವಿಗೆ ಬಳ್ಳಿಯೂ ಸಿಗುವುದಿಲ್ಲ. ಎರಡೂ ರೋಗ ಒಟ್ಟಿಗೆ ಜೋರಾಗಿ ಬಂದ ವರ್ಷ ಅರ್ಧಕ್ಕಿಂತ ಹೆಚ್ಚು ಫಸಲು ಕೈಬಿಟ್ಟು ಹೋಗಬಹುದು.

ಟಿಕ್ಕಾ ನಮ್ಮಲ್ಲಿ ಹಳೆಯ ರೋಗ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮುಂಬೈ ಪ್ರಾಂತ್ಯದಲ್ಲಿ, ಧಾರವಾಡವೂ ಆಗ ಅದರಲ್ಲೇ ಇತ್ತು, ಶೇಂಗಾ ಬೆಳೆ ಇಳಿಮುಖವಾಗಿತ್ತು. ಇದಕ್ಕೆ ಪರಿಹಾರವಾಗಿ ಕೃಷಿ ಇಲಾಖೆ ಹೊರದೇಶಗಳ ತಳಿಗಳನ್ನು ತರಿಸಿ ಬಿತ್ತಿಸಿತು. ಬಿಹಾರದ ಪೂಸಾದಲ್ಲಿ ಸಸ್ಯರೋಗಗಳ ಅಧ್ಯಯನ ನಡೆಸುತ್ತಿದ್ದ ಇ.ಜೆ. ಬಟ್ಲರ್ 1914ರಲ್ಲಿ ಇದೇ ವಿಷಯದ ಮೇಲೆ ಬರೆದರು. ರೋಗ ಬಂದಾಗ ಬೇರೆ ನಾಡಿನ ಬೀಜದ ಕಡೆ ನೋಡುವುದು ಆಗಲೇ ರೂಢಿಯಾಗಿತ್ತು ಅನ್ನುವುದಕ್ಕೆ ಇದು ಸಾಕ್ಷಿ.

ತುಕ್ಕು ರೋಗ ಬಂದದ್ದು ತಡವಾಗಿ. ಬಹುಕಾಲ ಅದು ಅಮೆರಿಕ ಖಂಡಗಳಿಗೇ ಸೀಮಿತವಾಗಿತ್ತು. 1970ರ ಆಸುಪಾಸಿನಲ್ಲಿ ಏಷ್ಯಾ, ಆಫ್ರಿಕಾಗಳಿಗೂ ಹಬ್ಬಿ ಕೆಲವೇ ವರ್ಷಗಳಲ್ಲಿ ಭಾರತದ ಶೇಂಗಾ ಸೀಮೆಗಳಲ್ಲಿ ನೆಲೆಯೂರಿತು. ಅಮೆರಿಕದ ರೈತರು ಹಂಗಾಮಿಗೆ ಆರೇಳು ಸಲ ಶಿಲೀಂಧ್ರನಾಶಕ ಹೊಡೆದು ಇಂಥ ರೋಗಗಳನ್ನು ಹದ್ದಿನಲ್ಲಿಡುತ್ತಾರೆ. ಚಳ್ಳಕೆರೆ, ಪಾವಗಡ, ಗದಗದ ಕಡೆ ಮಳೆಯನ್ನೇ ನಂಬಿ ಎರಡು ಮೂರು ಎಕರೆಯಲ್ಲಿ ಶೇಂಗಾ ಹಾಕುವವರು ಆ ಖರ್ಚನ್ನು ಹೇಗೆ ಮಾಡಿಯಾರು? ಮಳೆ ಕೈಕೊಟ್ಟರೆ ಹೊಡೆದ ಔಷಧಿಯ ದುಡ್ಡೂ ಬರುವುದಿಲ್ಲ. ಅವರಿಗೆ ಬೇಕಾದದ್ದು ರೋಗ ತಡೆಯುವ ಶಕ್ತಿ ಬೀಜದಲ್ಲೇ ಇರುವ ತಳಿ.

ಒಂದೇ ಮನೆತನ

ಅಂಥ ಶಕ್ತಿ ಬೇಸಾಯದ ಶೇಂಗಾದಲ್ಲಿ ಯಾಕೆ ಸುಲಭವಾಗಿ ಸಿಗಲಿಲ್ಲ? ಉತ್ತರ ಈ ಬೆಳೆಯ ಹುಟ್ಟಿನಲ್ಲಿದೆ. ದಕ್ಷಿಣ ಬೊಲಿವಿಯ ಮತ್ತು ವಾಯವ್ಯ ಅರ್ಜೆಂಟೀನಾ ಕೂಡುವ ಸೀಮೆಯಲ್ಲಿ, ಕೆಲವು ಸಾವಿರ ವರ್ಷಗಳ ಹಿಂದೆ, ಎರಡು ಕಾಡು ಜಾತಿಗಳು ಕೂಡಿಕೊಂಡವು. ಒಂದು ಅರಾಕಿಸ್ ಡ್ಯುರಾನೆನ್ಸಿಸ್, ಇನ್ನೊಂದು ಅರಾಕಿಸ್ ಇಪಾಯೆನ್ಸಿಸ್. ಎರಡಕ್ಕೂ ಇಪ್ಪತ್ತಿಪ್ಪತ್ತು ವರ್ಣತಂತು. ಅವುಗಳ ಮಿಶ್ರ ಸಂತಾನದಲ್ಲಿ ವರ್ಣತಂತುಗಳ ಸಂಖ್ಯೆ ದುಪ್ಪಟ್ಟಾಗಿ 40 ಆಯಿತು. ಆ ಗಿಡದ ವಂಶವೇ ಇವತ್ತು ನಾವು ತಿನ್ನುವ ಶೇಂಗಾ. 2016ರಲ್ಲಿ ಆ ಎರಡೂ ಕಾಡು ಪೂರ್ವಜರ ಜೀನೋಮ್ ಓದಿದಾಗ ಈ ಕಥೆ ಇನ್ನಷ್ಟು ಖಚಿತವಾಯಿತು.

ಇದರ ಪರಿಣಾಮ ಎರಡು. ಬಹುಪಾಲು ಒಂದೇ ಕೂಡಿಕೆಯಿಂದ ಹುಟ್ಟಿದ್ದರಿಂದ ಜಗತ್ತಿನ ಶೇಂಗಾ ಎಲ್ಲ ಒಂದೇ ಮನೆತನದಂತೆ. ಕಾಯಿಯ ಆಕಾರ, ಕಾಳಿನ ಬಣ್ಣ ನೂರು ಬಗೆಯಾದರೂ ಒಳಗಿನ ವೈವಿಧ್ಯ ತೆಳು. ಪೆರು ಕಡೆಯ ಕೆಲವು ನಾಟಿ ತಳಿಗಳಲ್ಲಿ ರೋಗ ತಡೆಯುವ ಗುಣ ಕಂಡಿತಾದರೂ ಅವುಗಳ ಸಿಪ್ಪೆ ದಪ್ಪ, ಕಾಳು ಕಡಿಮೆ, ಬೆಳೆ ತಡ. ಆ ಒಳ್ಳೆಯ ಗುಣವನ್ನು ಈ ಕೆಟ್ಟ ಗುಣಗಳಿಂದ ಬಿಡಿಸಿ ತೆಗೆಯುವುದು ಕಷ್ಟವಾಯಿತು.

ಎರಡನೆಯದು, ಕಾಡಿನ ನೆಂಟರ ಜೊತೆಗಿನ ಬಾಗಿಲು ಮುಚ್ಚಿಹೋಯಿತು. ಕಾಡಿನ ಜಾತಿಗಳಿಗೆ 20 ವರ್ಣತಂತು, ಶೇಂಗಾಕ್ಕೆ 40. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡಕ್ಕೆ 30. ಜೋಡಿ ಸರಿಹೊಂದದೆ ಅದು ಬಂಜೆಯಾಗುತ್ತದೆ. ರೋಗದ ಜೊತೆಗೇ ಲಕ್ಷಾಂತರ ವರ್ಷ ಬದುಕಿ ಬಂದ ಕಾಡುಬಳ್ಳಿಗಳಲ್ಲಿ ತಡೆಯುವ ಶಕ್ತಿ ತುಂಬಿತ್ತು. ಅದು ಹೊಲದ ಶೇಂಗಾಕ್ಕೆ ಮಾತ್ರ ದಾಟಿ ಬರುತ್ತಿರಲಿಲ್ಲ.

10017ನೆಯ ಸಂಗ್ರಹ

ಈ ಬಾಗಿಲನ್ನು ತೆರೆಯಲು ಹೊರಟವರಲ್ಲಿ ಮುಖ್ಯರು ನಾರ್ತ್ ಕೆರೊಲಿನಾದ ಸರ್ಕಾರಿ ವಿಶ್ವವಿದ್ಯಾಲಯದ ವಾಲ್ಟನ್ ಗ್ರೆಗರಿ. ಶೇಂಗಾದಲ್ಲಿ ವೈವಿಧ್ಯ ಸಾಲದು ಎಂಬುದು ಅವರ ಬಹುಕಾಲದ ಚಿಂತೆ. ಬೀಜಗಳಿಗೆ ಎಕ್ಸ್-ರೇ ಹಾಯಿಸಿ ಹೊಸ ಗುಣ ಹುಟ್ಟಿಸುವ ಪ್ರಯೋಗವನ್ನೂ ಅವರು ಮಾಡಿದ್ದರು. ಅದರಿಂದ ಎನ್‌ಸಿ 4ಎಕ್ಸ್ ಎಂಬ ತಳಿಯೂ ಬಂತು. ಆದರೆ ಇನ್ನೂ ದೊಡ್ಡ ಭಂಡಾರ ದಕ್ಷಿಣ ಅಮೆರಿಕದ ಕಾಡಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅರ್ಜೆಂಟೀನಾದ ಸಸ್ಯಶಾಸ್ತ್ರಜ್ಞ ಅಂತೋನಿಯೊ ಕ್ರಪೊವಿಕಾಸ್ ಮತ್ತು ಅವರ ಜೊತೆಗಾರ ಪಿಯೆತ್ರರೆಲ್ಲಿ ಅವರೊಂದಿಗೆ ಸೇರಿ ಗ್ರೆಗರಿ ಕಾಡು ಶೇಂಗಾ ಹುಡುಕುತ್ತ ಆ ನಾಡಿನ ಉದ್ದಗಲ ತಿರುಗಿದರು. ರೊಬೊರೆಯ ಬಳಿ ಸಿಕ್ಕ ಬಳ್ಳಿಗೆ ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಜಿಕೆಪಿ 10017 ಎಂದು ಸಂಖ್ಯೆ ಕೊಟ್ಟರು.

ನೋಡಲು ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಕಾಡು ಶೇಂಗಾದ ಕಾಯಿ ನಮ್ಮ ಕಾಯಿಯಂತೆ ಎರಡು ಕಾಳು ಒಟ್ಟಿಗೆ ಕೂತ ಡಬ್ಬಿಯಲ್ಲ. ಒಂದು ಪುಟ್ಟ ಕಾಳಿನ ಕೋಶ, ಅದರಾಚೆ ಉದ್ದನೆಯ ದಾರದಂಥ ಎಳೆ, ತುದಿಯಲ್ಲಿ ಇನ್ನೊಂದು ಕೋಶ. ಮಣ್ಣಿನಲ್ಲಿ ದೂರದೂರ ಹರಡಿಕೊಂಡಿರುವ ಅವನ್ನು ಹೆಕ್ಕಲು ಮಣ್ಣು ಜರಡಿ ಹಿಡಿಯಬೇಕು. ಈ ಜಾತಿಗೆ ಮುಂದೆ ಬೊಲಿವಿಯದ ಸಸ್ಯಶಾಸ್ತ್ರಜ್ಞ ಮಾರ್ತಿನ್ ಕಾರ್ದೆನಾಸ್ ಅವರ ನೆನಪಿನಲ್ಲಿ ಅರಾಕಿಸ್ ಕಾರ್ದೆನಾಸಿ ಎಂದು ಹೆಸರಾಯಿತು. ಆ ಹೆಸರು ಶಾಸ್ತ್ರೋಕ್ತವಾಗಿ ಪ್ರಕಟವಾದದ್ದು 1994ರಲ್ಲಿ, ಕ್ರಪೊವಿಕಾಸ್ ಮತ್ತು ಗ್ರೆಗರಿ ಬರೆದ ದೊಡ್ಡ ಗ್ರಂಥದಲ್ಲಿ. ಅಷ್ಟು ಹೊತ್ತಿಗೆ ಬಳ್ಳಿಯ ಗುಣ ಖಂಡಗಳನ್ನು ದಾಟಿಯಾಗಿತ್ತು. ಸಿಕ್ಕಿ 35 ವರ್ಷ, ನಾಮಕರಣಕ್ಕೂ ಮೊದಲೇ ಅದು ದುಡಿಯಲು ಶುರುಮಾಡಿತ್ತು.

1960ರ ದಶಕದಲ್ಲಿ ಗ್ರೆಗರಿ ಮತ್ತು ಜೆ. ಸ್ಮಾರ್ಟ್ ಈ ಬಳ್ಳಿಯನ್ನು ಬೇಸಾಯದ ಶೇಂಗಾದೊಂದಿಗೆ ಕೂಡಿಸಿದರು. ನಿರೀಕ್ಷೆಯಂತೆ 30 ವರ್ಣತಂತುವಿನ ಬಂಜೆ ಗಿಡ ಬಂತು. ಅದಕ್ಕೆ ಕಾಲ್ಚಿಸಿನ್ ಎಂಬ ರಾಸಾಯನಿಕ ತಾಕಿಸಿದರೆ ವರ್ಣತಂತುಗಳು ಇಮ್ಮಡಿಯಾಗುತ್ತವೆ. ಹಾಗೆ 60 ವರ್ಣತಂತುವಿನ, ಬೀಜ ಕಟ್ಟಬಲ್ಲ ಗಿಡ ಸಿಕ್ಕಿತು. ಅದನ್ನು ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತ ಹೋದಂತೆ ಗಿಡ ಹೆಚ್ಚಿನ ವರ್ಣತಂತುಗಳನ್ನು ತಾನಾಗಿ ಕಳಚಿಕೊಳ್ಳುತ್ತ ಬಂತು. ಕೊನೆಗೆ ಕೆಲವು ಗಿಡಗಳು 40ಕ್ಕೆ ಬಂದು ನಿಂತವು. ಹೊರಗಿನಿಂದ ಶೇಂಗಾ, ಒಳಗೆ ಅಲ್ಲಲ್ಲಿ ಕಾಡಿನ ತುಣುಕು. ಎಚ್.ಟಿ. ಸ್ಟಾಕರ್ ಮತ್ತು ಅವರ ಸಂಗಡಿಗರು ಅದೇ ವಿಶ್ವವಿದ್ಯಾಲಯದಲ್ಲಿ ಈ ಸಾಲುಗಳನ್ನು ವರ್ಷಗಟ್ಟಲೆ ಎಣಿಸಿ, ರೋಗಕ್ಕೊಡ್ಡಿ, ಆರಿಸಿ ಕಾಪಾಡಿದರು.

ಪಟಾನ್‌ಚೆರು ದಾಟಿ

ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಪಟಾನ್‌ಚೆರು ಸಿಗುತ್ತದೆ. ಒಣಬೇಸಾಯದ ಬೆಳೆಗಳಿಗಾಗಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಅಲ್ಲಿದೆ. 1976ರಲ್ಲಿ ಅಲ್ಲಿ ಶೇಂಗಾದ ಕೆಲಸ ಶುರುವಾದಾಗ ತುಕ್ಕು ರೋಗ ದೇಶಕ್ಕೆ ಹೊಸ ಅತಿಥಿ. ಕಾರ್ದೆನಾಸಿಯ ತುಣುಕು ಹೊತ್ತ ಸಾಲುಗಳು ಅಮೆರಿಕದಿಂದ ಅಲ್ಲಿಗೆ ಬಂದವು. ರೋಗ ಜೋರಾಗಿ ಬರುವ ಹೊಲದಲ್ಲಿ ಅವನ್ನು ಬಿತ್ತಿ, ಎಲೆ ಉಳಿಸಿಕೊಂಡ ಗಿಡಗಳನ್ನು ಆರಿಸಿ, ಮತ್ತೆ ಬಿತ್ತಿ ಹದಮಾಡಿದರು. ಅವುಗಳಲ್ಲಿ ಒಂದು ಐಸಿಜಿವಿ 86855. ತಳಿ ತಜ್ಞರ ನಡುವೆ ಅದಕ್ಕೆ ಸಿಎಸ್ 16 ಎಂಬ ಇನ್ನೊಂದು ಹೆಸರೂ ಇದೆ.

ಧಾರವಾಡದಲ್ಲಿ ಎಂ.ವಿ.ಸಿ. ಗೌಡ ಮತ್ತು ಸಂಗಡಿಗರು ಬೇಗ ಮಾಗುವ ಕೆಆರ್‌ಜಿ 1 ತಳಿಯನ್ನು ತಾಯಿಯಾಗಿಟ್ಟುಕೊಂಡು ಐಸಿಜಿವಿ 86855ರ ಜೊತೆ ಕೂಡಿಸಿದರು. ಶೇಂಗಾದಲ್ಲಿ ಇದು ಕಣ್ಣು ನೋಯುವ ಕೆಲಸ. ಹೂವು ತನ್ನಷ್ಟಕ್ಕೇ ಪರಾಗ ಕಟ್ಟಿಕೊಳ್ಳುವಂಥದ್ದು. ಹಾಗಾಗಿ ಹಿಂದಿನ ದಿನ ಸಂಜೆಯೇ ಮೊಗ್ಗನ್ನು ಬಿಡಿಸಿ, ಚಿಮಟದಿಂದ ಗಂಡು ಭಾಗಗಳನ್ನು ತೆಗೆದಿಡಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಇನ್ನೊಂದು ತಳಿಯ ಪರಾಗ ತಾಕಿಸಬೇಕು. ಇಷ್ಟಾದ ಮೇಲೂ ಎಲ್ಲ ಹೂವೂ ಕಾಯಾಗುವುದಿಲ್ಲ. ಆದದ್ದೂ ಮಣ್ಣೊಳಗೆ ಮರೆಯಾಗುವುದರಿಂದ ಯಾವುದು ಎಂದು ಗುರುತಿಟ್ಟುಕೊಳ್ಳಬೇಕು. ದಿನವಿಡೀ ಕೂತರೂ ಸಿಗುವುದು ಬೆರಳೆಣಿಕೆಯ ಕಾಯಿ. ಅವುಗಳ ಮಕ್ಕಳು ಮೊಮ್ಮಕ್ಕಳನ್ನು ವರ್ಷವರ್ಷವೂ ಬಿತ್ತಿ, ರೋಗವೂ ತಡೆಯಬೇಕು, ಕಾಯಿಯೂ ಸಣ್ಣದಾಗಬಾರದು, ಬೆಳೆಯೂ ತಡವಾಗಬಾರದು ಎಂದು ಆರಿಸಬೇಕು. ಹಾಗೆ ಆರಿಸಿ ಉಳಿದದ್ದು ಜಿಪಿಬಿಡಿ 4. ಶೇಂಗಾ ಸಂಶೋಧಕರ ಅಂತರರಾಷ್ಟ್ರೀಯ ವಾರ್ತಾಪತ್ರದಲ್ಲಿ ಅದರ ವಿವರ 2002ರಲ್ಲಿ ಪ್ರಕಟವಾಯಿತು.

ಇದಕ್ಕೆ ರೋಗ ಹತ್ತುವುದೇ ಇಲ್ಲ ಎಂದಲ್ಲ. ಹತ್ತಿದ ರೋಗ ಹಬ್ಬುವ ವೇಗ ತಗ್ಗುತ್ತದೆ. ತುಕ್ಕಿನ ಗುಳ್ಳೆ ಸಣ್ಣದಾಗಿಯೇ ಉಳಿದು ಕಡಿಮೆ ಬೀಜಕಣ ಉದುರಿಸುತ್ತದೆ. ಅಷ್ಟರಲ್ಲಿ ಕಾಯಿ ತುಂಬಿಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೂ ಬಳ್ಳಿಯಲ್ಲಿ ಎಲೆ ಇರುವುದರಿಂದ ದನಕ್ಕೆ ಮೇವೂ ಆಗುತ್ತದೆ.

ಮುಂದೆ ಡಿಎನ್‌ಎ ಗುರುತುಗಳ ಕಾಲ ಬಂದಾಗ ಈ ತಳಿಗೆ ಇನ್ನೊಂದು ಕೆಲಸ ಸಿಕ್ಕಿತು. ಮುಂಬೈಯ ತ್ರಾಂಬೆಯಲ್ಲಿ ಹುಟ್ಟಿದ ಟಿಎಜಿ 24 ಜೊತೆ ಇದನ್ನು ಕೂಡಿಸಿ ಪರೀಕ್ಷಿಸಿದಾಗ, ತುಕ್ಕು ತಡೆಯುವ ಗುಣದ ವ್ಯತ್ಯಾಸದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಒಂದೇ ವರ್ಣತಂತುವಿನ ಒಂದು ಭಾಗಕ್ಕೆ ಸೇರಿದ್ದು ಎಂದು ಕಂಡಿತು. ಅದೇ ರೊಬೊರೆಯ ತುಣುಕು. ಅದನ್ನೇ ಗುರುತಿಟ್ಟು, ಟಿಎಜಿ 24ಕ್ಕೂ ಮಹಾರಾಷ್ಟ್ರದ ಜಳಗಾಂವ್‌ನ ಜೆಎಲ್ 24ಕ್ಕೂ ಪಟಾನ್‌ಚೆರುವಿನಲ್ಲಿ ಸೇರಿಸಿದರು. ತಮಿಳುನಾಡಿನ ತಿಂಡಿವನಂನಲ್ಲಿ 1940ರಲ್ಲಿ ಹೊರಬಂದು ತಲೆಮಾರುಗಟ್ಟಲೆ ಬಿತ್ತನೆಯಾದ ಟಿಎಂವಿ 2ಕ್ಕೂ ಧಾರವಾಡದಲ್ಲಿ ಅದನ್ನು ಕಸಿ ಮಾಡಿದಂತೆ ಸೇರಿಸುವ ಕೆಲಸ ನಡೆಯಿತು. ಕಾಡಿನ ಗುಣ ಪಡೆಯಲು ಈಗ ಮತ್ತೆ ಕಾಡಿಗೆ ಹೋಗಬೇಕಿಲ್ಲ. ಜಿಪಿಬಿಡಿ 4ರಿಂದಲೇ ಎರವಲು ಪಡೆಯಬಹುದು.

ಯಾರಿಗೂ ಗೊತ್ತಿರದ ಹರವು

ಈ ಬಳ್ಳಿ ಭಾರತಕ್ಕಷ್ಟೇ ಬಂದಿರಲಿಲ್ಲ. ಡೇವಿಡ್ ಬೆರ್ತಿಯೊಲಿ, ಸೊರಾಯಾ ಲೀಲ್ ಬೆರ್ತಿಯೊಲಿ ಮತ್ತು ಹಲವು ದೇಶಗಳ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಬೇರೆ ದೇಶಗಳ ತಳಿಗಳ ಡಿಎನ್‌ಎ ಓದಿ, ಹಳೆಯ ವಂಶಾವಳಿ ಹುಡುಕಿ ನೋಡಿದರು. ಆಫ್ರಿಕಾ, ಏಷ್ಯಾ, ಓಷಿಯಾನಿಯಾ, ಅಮೆರಿಕ ಖಂಡಗಳ ರೋಗ ತಡೆಯುವ ತಳಿಗಳಲ್ಲಿ ಜಿಕೆಪಿ 10017ರ ತುಣುಕುಗಳು ಸಿಕ್ಕವು. ಅಮೆರಿಕದಲ್ಲಿ ಬೇರಿನ ಜಂತುಹುಳುವನ್ನು ತಡೆಯುವ ತಳಿಗಳಿಗೂ ಆ ಶಕ್ತಿ ಬಂದದ್ದು ಇದೇ ಬಳ್ಳಿಯಿಂದ. ಕೆಲವು ತಳಿಗಳಲ್ಲಿ ಅದು ಹೇಗೆ ಸೇರಿತೆಂಬ ದಾಖಲೆಯೂ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಲಕೋಟೆಯಲ್ಲಿ ಬೀಜ ಕಳಿಸಿದ್ದರು, ಅವರು ಮತ್ತೊಬ್ಬರಿಗೆ. ಬೀಜ ಕೊಡುವುದು, ಬೇಕಾದಾಗ ಕೇಳುವುದು ಆ ಕಾಲದ ತಳಿ ತಜ್ಞರ ರೂಢಿ. ಸಸ್ಯ ಸಂಪತ್ತು ಇಡೀ ಮಾನವಕುಲದ ಆಸ್ತಿ ಎನ್ನುವ ಮಾತನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1983ರಲ್ಲಿ ಲಿಖಿತವಾಗಿಯೇ ಹೇಳಿತ್ತು.

ಹತ್ತು ವರ್ಷದಲ್ಲಿ ಆ ಮಾತು ಬದಲಾಯಿತು. 1992ರಲ್ಲಿ ರಿಯೊದಲ್ಲಿ ಸಹಿಯಾಗಿ 1993ರ ಕೊನೆಗೆ ಜಾರಿಗೆ ಬಂದ ಜೀವವೈವಿಧ್ಯ ಒಪ್ಪಂದ, ಸಸ್ಯ ಸಂಪತ್ತಿನ ಮೇಲೆ ಅದು ಬೆಳೆಯುವ ದೇಶಕ್ಕೇ ಸಾರ್ವಭೌಮ ಹಕ್ಕು ಎಂದು ಸಾರಿತು. ಭಾರತಕ್ಕೆ ಇದು ಪರಕೀಯರ ವಾದವೇನಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ, ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬೇವು, ಬಾಸ್ಮತಿಯ ಜಗಳಗಳೂ ಅದೇ ಕಾಲದವು. ನಮ್ಮ 2002ರ ಜೀವವೈವಿಧ್ಯ ಕಾಯಿದೆ ಹುಟ್ಟಿದ್ದು ಇಂಥ ಕಾಲದಲ್ಲೇ. ಕೊಟ್ಟವರಿಗೂ ಪಾಲು ಸಲ್ಲಬೇಕು ಎಂಬ ಬೇಡಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಪಾಲು ಕೊಡಿಸಲು ಕಟ್ಟಿದ ಬೇಲಿ ಬೀಜದ ಓಡಾಟವನ್ನೇ ತಡೆಯಿತು. ಒಂದೊಂದು ದೇಶಕ್ಕೆ ಒಂದೊಂದು ಕಾನೂನು, ಒಂದೊಂದು ಅನುಮತಿ. ಕಾಡಿಗೆ ಹೋಗಿ ಸಂಗ್ರಹಿಸುವ ತಂಡಗಳು ವಿರಳವಾದವು. ಆಹಾರ ಬೆಳೆಗಳಿಗಾದರೂ ವಿನಿಮಯ ಸುಲಭವಾಗಲಿ ಎಂದು 2001ರಲ್ಲಿ ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಸುಲಭ ವಿನಿಮಯಕ್ಕೆ ಒಪ್ಪಿದ 64 ಬೆಳೆ ಮತ್ತು ಮೇವುಗಳ ಪಟ್ಟಿ ಇತ್ತು. ಭತ್ತ ಅದರಲ್ಲಿತ್ತು, ಗೋಧಿ ಇತ್ತು, ಕಡಲೆ, ತೊಗರಿ ಇದ್ದವು. ಶೇಂಗಾ ಇರಲಿಲ್ಲ.

ಪಟಾನ್‌ಚೆರುವಿನ ಬೀಜ ಭಂಡಾರದಲ್ಲಿ 15,000ಕ್ಕೂ ಹೆಚ್ಚು ಶೇಂಗಾ ಮಾದರಿಗಳಿವೆ; ಆಗಲೇ ಸಂಗ್ರಹವಾದದ್ದು ಹಾಳಾಗಿಲ್ಲ. ಕಳವಳ ಇರುವುದು ಇನ್ನೂ ಸಂಗ್ರಹಿಸದ್ದರ ಬಗ್ಗೆ. ಇಷ್ಟೊಂದು ದೇಶಗಳ ರೋಗ ತಡೆಯುವ ತಳಿಗಳು ಒಂದೇ ಬಳ್ಳಿಗೆ ಆತುಕೊಂಡಿವೆ. ಶಿಲೀಂಧ್ರ ಸುಮ್ಮನೆ ಕೂರುವ ಜೀವಿಯಲ್ಲ. ಒಂದು ದಿನ ಅದು ಈ ತುಣುಕನ್ನು ಮೀರಿದರೆ ಇಷ್ಟೂ ಕಡೆ ಒಟ್ಟಿಗೇ ತೊಂದರೆ. ಜಿಪಿಬಿಡಿ 4ಕ್ಕೆ ನಿಲುಕದ ರೋಗಗಳು ಈಗಾಗಲೇ ಇವೆ. 2000ದ ಮುಂಗಾರಿನಲ್ಲಿ ಪಾವಗಡದ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಾಂಡ ಕೊಳೆಸುವ ನಂಜುರೋಗ 2 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಶೇಂಗಾವನ್ನು ಹಾಳುಮಾಡಿತು. ಅದಕ್ಕೆ ಮದ್ದು ಯಾವ ಕಾಡುಬಳ್ಳಿಯಲ್ಲಿದೆಯೋ ಹುಡುಕಬೇಕು.

ಹುಡುಕಲು ಕಾಡು ಉಳಿದಿರಬೇಕು. 2019ರ ಆಗಸ್ಟ್‌ನಲ್ಲಿ ಪೂರ್ವ ಬೊಲಿವಿಯದ ಒಣಕಾಡುಗಳಿಗೆ ಬೆಂಕಿ ಬಿದ್ದಾಗ ಹೆಚ್ಚು ನಲುಗಿದ ಊರುಗಳಲ್ಲಿ ರೊಬೊರೆಯೂ ಒಂದು. ಆ ಕಾಡು ಉಳಿಯುವುದರಲ್ಲಿ ಧಾರವಾಡದ ಶೇಂಗಾ ರೈತನಿಗೂ ಹಿತವಿದೆ. ಅದನ್ನು ಕಾಯುವ ಖರ್ಚಿನಲ್ಲಿ, ಅಲ್ಲಿಯ ಜನಕ್ಕೆ ಸಲ್ಲಬೇಕಾದ ಪಾಲಿನಲ್ಲಿ, ಶೇಂಗಾ ತಿನ್ನುವ ಎಲ್ಲ ದೇಶಗಳೂ ಕೈಜೋಡಿಸಬೇಕಾದ ಋಣವಿದೆ. ಬೀಜ ಕೊಟ್ಟವರಿಗೆ ನ್ಯಾಯ ಸಿಗಬೇಕು, ಬೀಜವೂ ಓಡಾಡಬೇಕು. ಎರಡನ್ನೂ ಸಾಧಿಸುವ ಒಪ್ಪಂದವನ್ನು ಮುಂದಿನ ರೋಗ ಬರುವ ಮೊದಲೇ ಮಾಡಿಕೊಳ್ಳಬೇಕು; ಯಾಕೆಂದರೆ ಕಾಡಿನ ಗುಣ ಹೊಲಕ್ಕೆ ಬರಲು ಕಳೆದ ಸಲ ನಲವತ್ತು ವರ್ಷ ಹಿಡಿದಿತ್ತು.